ಮಾಧ್ಯಮಿಕ ಶಾಲೆಯ ಮಕ್ಕಳೂ ವಿದೇಶೀ ಭಾಷೆಗಳೂ

ಆರನೆಯ ತರಗತಿಯನ್ನು ಸೇರುವ ಬಾಲಕ ಬಾಲಿಕೆಯರ ಮುಂದೆ ಈಗ ನಮ್ಮ ನಗರಗಳ ಹಲವು ಶಾಲೆಗಳು ಒಂದು ಹೊಸ ಆಯ್ಕೆಯನ್ನು ಇಡುತ್ತಿವೆ. ಫ್ರೆಂಚ್, ಜರ್ಮನ್, ಜಪಾನೀ, ಸ್ಪ್ಯಾನಿಷ್ ಮೊದಲಾದ ಭಾಷೆಗಳಲ್ಲಿ ಯಾವುದಾದರೊಂದನ್ನು ಕಲಿಯಬಹುದೆಂಬುದೇ ಆ ಆಯ್ಕೆ. ತಾಯಿತಂದೆಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಯಾವುದರಲ್ಲಿ ಅಂಕಗಳು ಸುಲಭ? ಯಾವುದರಿಂದ ಮುಂದೆ ಉದ್ಯೋಗ? ಇವು ತಳ್ಳಿಹಾಕತಕ್ಕ ಪ್ರಶ್ನೆಗಳಲ್ಲ. ಆದರೆ ಇವೆರಡಕ್ಕಿಂತ ಮೊದಲು ಕೇಳಬೇಕಾದುದು ಇನ್ನೊಂದಿದೆ: ಆರಂಭಿಸಿದ ಭಾಷೆಯನ್ನು ಮಗುವು ನಡುವೆ ಕೈಬಿಡದೆ ಒಂದು ನೆಲೆಯವರೆಗೆ ಒಯ್ಯಲು ಅನುಕೂಲವಿದೆಯೆ?

ಮೊದಲು ಭಾಷೆಗಳ ಸ್ವಭಾವವನ್ನು ವಿಚಾರಿಸೋಣ. ಕಠಿಣ, ಸುಲಭ ಎಂಬ ಮಾತುಗಳು ಕಲಿಯುವವನ ತಾಯ್ನುಡಿಯನ್ನು ಅವಲಂಬಿಸಿವೆ. ಅಮೆರಿಕದ ವಿದೇಶಾಂಗ ಇಲಾಖೆಯ ಶಿಕ್ಷಣಸಂಸ್ಥೆಯು ಜಪಾನೀ ಭಾಷೆಗೆ ಸುಮಾರು ೨,೨೦೦ ಗಂಟೆಗಳ ಪಾಠ ಬೇಕೆಂದು ಲೆಕ್ಕ ಹಾಕಿದೆ. ಫ್ರೆಂಚಿಗೆ ಅದರ ಮೂರನೆಯ ಒಂದು ಭಾಗದಷ್ಟು ಸಾಕು. ಇದು ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳವರ ಲೆಕ್ಕ. ಕನ್ನಡದ ಮಗುವಿಗೆ ಇದು ಹಾಗೆಯೇ ಹೊಂದುವುದಿಲ್ಲ. ಜಪಾನೀಯರು ‘ಹೊನ್ ಓ ಯೊಮಿಮಾಸು’ ಎಂದರೆ ‘ಪುಸ್ತಕವನ್ನು ಓದುತ್ತೇನೆ’ ಎಂದರ್ಥ. ನಮ್ಮ ‘ಅನ್ನು’ ಪ್ರತ್ಯಯದ ಸ್ಥಾನದಲ್ಲಿ ಅವರ ‘ಓ’ ನಿಂತಿದೆ. ಕ್ರಿಯಾಪದವು ನಮ್ಮಲ್ಲಿಯಂತೆಯೇ ಕೊನೆಗೆ ಬಂದಿದೆ. ಹ್ರಸ್ವ ದೀರ್ಘಗಳ ಭೇದವೂ ಅಲ್ಲಿ ಉಂಟು: ‘ಒಜಿಸಾನ್’ ಎಂದರೆ ಚಿಕ್ಕಪ್ಪ ಅಥವಾ ಮಾವ, ‘ಒಜೀಸಾನ್’ ಎಂದರೆ ಅಜ್ಜ. ‘ಕಡು’, ‘ಕಾಡು’ಗಳನ್ನು ಬೇರೆಬೇರೆಯಾಗಿ ನುಡಿಯುವ ನಮ್ಮ ಮಕ್ಕಳಿಗೆ ಇದು ಹೊಸತಲ್ಲ. ಅವರ ‘ಕಾನಾ’ ಅಕ್ಷರಗಳ ಈಗಿನ ಕ್ರಮವೂ ಅ, ಇ, ಉ, ಎ, ಒ ಎಂದು ಮೊದಲಾಗಿ ಕ, ಸ, ತ, ನ ಎಂದು ಮುಂದುವರಿಯುತ್ತದೆ. ಬೌದ್ಧರ ಮೂಲಕ ಅಲ್ಲಿಗೆ ಹೋದ ಸಂಸ್ಕೃತ ವರ್ಣಶಾಸ್ತ್ರದ ಪ್ರಭಾವವೇ ಇದಕ್ಕೆ ಕಾರಣ. ನಿಜವಾದ ಕಷ್ಟವಿರುವುದು ಚಿತ್ರಲಿಪಿಯಲ್ಲಿ. ೨೦೧೦ರಲ್ಲಿ ಜಪಾನ್ ಸರ್ಕಾರವು ಪ್ರಕಟಿಸಿದ ನಿತ್ಯಬಳಕೆಯ ಪಟ್ಟಿಯಲ್ಲಿ ೨,೧೩೬ ಚಿಹ್ನೆಗಳಿವೆ.

ಫ್ರೆಂಚ್ ಮತ್ತು ಜರ್ಮನ್ ಭಾಷೆಗಳ ಲಿಪಿಯು ಇಂಗ್ಲಿಷಿನಿಂದ ಪರಿಚಿತವಾದುದು. ಹಲವು ಶಬ್ದಗಳೂ ಅಂತೆಯೇ. ಆದರೆ ಫ್ರೆಂಚಿನಲ್ಲಿ ಬರೆಹ ಬೇರೆ, ಉಚ್ಚಾರಣೆ ಬೇರೆ: ‘ಪ್ಯಾರಿಸ್’ ಎಂದು ಬರೆದು ‘ಪಾರೀ’ ಎಂದು ನುಡಿಯಬೇಕು. ಲಿಂಗವೂ ನಮ್ಮ ಮಕ್ಕಳಿಗೆ ತೊಡಕನ್ನು ತರುತ್ತದೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ; ಮೇಜು ನಪುಂಸಕಲಿಂಗವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಮೇಜು ಫ್ರೆಂಚಿನಲ್ಲಿ ಸ್ತ್ರೀಲಿಂಗ, ಜರ್ಮನಿನಲ್ಲಿ ಪುಲ್ಲಿಂಗ. ಹುಡುಗಿ ಎಂಬರ್ಥದ ಜರ್ಮನ್ ಶಬ್ದವಾದರೋ ನಪುಂಸಕಲಿಂಗ! ಆದುದರಿಂದ ಇಲ್ಲಿ ಪ್ರತಿಯೊಂದು ನಾಮಪದವನ್ನೂ ಲಿಂಗಸಹಿತವಾಗಿ ಕಂಠಪಾಠ ಮಾಡುವ ಅಭ್ಯಾಸವು ಮೊದಲ ದಿನದಿಂದಲೇ ಆಗಬೇಕು. ಸ್ಪ್ಯಾನಿಷಿನಲ್ಲಿಯೂ ಲಿಂಗಭೇದವುಂಟು, ಆದರೆ ಅದರ ಕಾಗುಣಿತವು ಬಹುಮಟ್ಟಿಗೆ ನಿಯಮಬದ್ಧವಾದುದರಿಂದ ಓದು ಬೇಗ ಕೈಹತ್ತುತ್ತದೆ.

ಇನ್ನು ಕಾಲದ ಲೆಕ್ಕ. ವಾರಕ್ಕೆ ೪೦ ನಿಮಿಷಗಳ ೩ ಪಾಠಗಳು, ವರ್ಷಕ್ಕೆ ೩೫ ವಾರಗಳು ಎಂದಿಟ್ಟುಕೊಂಡರೆ, ಒಂದು ವರ್ಷಕ್ಕೆ ೭೦ ಗಂಟೆ, ೩ ವರ್ಷಗಳಿಗೆ ೨೧೦ ಗಂಟೆ. ಯೂರೋಪಿನ ಸಮಿತಿಯು ೨೦೦೧ರಲ್ಲಿ ಪ್ರಕಟಿಸಿದ ಆರು ಮೆಟ್ಟಿಲುಗಳ ಅಳತೆಗೋಲಿನಲ್ಲಿ ಇಷ್ಟು ಕಾಲವು ಮೊದಲನೆಯ ಮೆಟ್ಟಿಲನ್ನು ದಾಟಿ ಎರಡನೆಯದರತ್ತ ನಡೆಯಲು ಸಾಕಾದೀತು. ಅಂದರೆ ತನ್ನ ಮನೆ, ಊರು, ದಿನಚರಿಗಳನ್ನು ಕುರಿತು ಮಗುವು ಸರಳವಾಗಿ ಮಾತನಾಡಬಲ್ಲದು, ಚಿಕ್ಕ ಪತ್ರವನ್ನು ಬರೆಯಬಲ್ಲದು. ಉದ್ಯೋಗಕ್ಕೆ ಇದು ಸಾಲದು. ಮುಂದಿನ ವ್ಯಾಸಂಗಕ್ಕೆ ಒಳ್ಳೆಯ ಅಡಿಪಾಯ. ಒಂದೇ ವರ್ಷಕ್ಕೆ ನಿಲ್ಲಿಸಿದರೆ ಆ ಅಡಿಪಾಯವೂ ಉಳಿಯದು.

ಈ ಅಖಂಡತೆ ಎಷ್ಟು ಸುಲಭವಾಗಿ ಮುರಿಯಬಹುದೆಂಬುದಕ್ಕೆ ಕೇಂದ್ರೀಯ ವಿದ್ಯಾಲಯಗಳ ವೃತ್ತಾಂತವೇ ಸಾಕ್ಷಿ. ಜರ್ಮನಿಯ ಗಯಟೆ ಸಂಸ್ಥೆಯೊಡನೆ ೨೦೧೧ರಲ್ಲಿ ಆದ ಒಪ್ಪಂದದ ಆಧಾರದ ಮೇಲೆ ಅಲ್ಲಿ ಜರ್ಮನ್ ತೃತೀಯ ಭಾಷೆಯಾಗಿ ಹಬ್ಬಿತು. ೨೦೧೪ರ ಕೊನೆಯಲ್ಲಿ, ಶಾಲಾವರ್ಷವು ಅರ್ಧಕ್ಕೂ ಮೀರಿ ಕಳೆದಿರುವಾಗ, ಆ ಸ್ಥಾನದಿಂದ ಅದನ್ನು ತೆಗೆಯುವ ತೀರ್ಮಾನವಾಯಿತು. ಆರರಿಂದ ಎಂಟರವರೆಗಿನ ತರಗತಿಗಳ ಸುಮಾರು ೭೦,೦೦೦ ಮಕ್ಕಳ ವ್ಯಾಸಂಗಕ್ಕೆ ಇದರಿಂದ ಬಾಧೆಯಾಯಿತು. ಆ ತೀರ್ಮಾನದ ಯುಕ್ತಾಯುಕ್ತತೆಯನ್ನು ನಾವು ಇಲ್ಲಿ ಚರ್ಚಿಸುವುದಿಲ್ಲ. ದೊಡ್ಡವರ ವಾದವು ಯಾವ ಕಡೆಗೆ ತೀರಿದರೂ, ಕಲಿತ ಕ್ರಿಯಾರೂಪಗಳನ್ನು ಅರ್ಧಕ್ಕೆ ಬಿಟ್ಟೆದ್ದವರು ಮಕ್ಕಳು ಎಂಬುದಷ್ಟೇ ನಮ್ಮ ಗಮನಕ್ಕೆ ಬರತಕ್ಕದ್ದು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಲಿಯುವ ಮೂರು ಭಾಷೆಗಳಲ್ಲಿ ಎರಡಾದರೂ ಭಾರತದವಾಗಿರಬೇಕೆಂದು ಹೇಳಿ, ಕೊರಿಯನ್, ಜಪಾನೀ, ಫ್ರೆಂಚ್, ಜರ್ಮನ್ ಮುಂತಾದ ವಿದೇಶೀ ಭಾಷೆಗಳನ್ನು ಪ್ರೌಢಶಾಲೆಯ ಹಂತದಲ್ಲಿ ಸೂಚಿಸಿದೆ. ಹೀಗಿರಲು, ಮಾಧ್ಯಮಿಕ ತರಗತಿಯಲ್ಲಿ ಆರಂಭಿಸಿದ ಭಾಷೆಯು ಒಂಬತ್ತನೆಯ ತರಗತಿಯಲ್ಲಿಯೂ ದೊರೆಯುವುದೆ ಎಂಬುದನ್ನು ಶಾಲೆಯವರಿಂದ ಮೊದಲೇ ತಿಳಿದುಕೊಳ್ಳಬೇಕು.

ಶಾಲೆಯಲ್ಲಿ ನಿಂತುಹೋದರೆ ಹೊರಗೆ ದಾರಿ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ಜರ್ಮನಿಗೆ ಮ್ಯಾಕ್ಸ್ ಮುಲ್ಲರ್ ಭವನವೂ ಫ್ರೆಂಚಿಗೆ ಅಲಿಯಾನ್ಸ್ ಫ್ರಾಂಸೇಸ್ ಸಂಸ್ಥೆಯೂ ಇವೆ. ಈ ಎರಡು ಭಾಷೆಗಳಿಗೂ ಎಳೆಯರಿಗೆಂದೇ ಏರ್ಪಟ್ಟ ಪರೀಕ್ಷೆಗಳುಂಟು. ಆದರೆ ಈ ಅನುಕೂಲವು ಪಟ್ಟಣಕ್ಕೆ ಸೇರಿದುದು. ಬೇರೆಡೆಗಳಲ್ಲಿ ಉಪಾಧ್ಯಾಯರೇ ಸರ್ವಸ್ವ. ಆದಕಾರಣ ಒಳ್ಳೆಯ ಉಪಾಧ್ಯಾಯರಿರುವ ‘ಸಣ್ಣ’ ಭಾಷೆಯು, ವರ್ಷಕ್ಕೊಬ್ಬರು ಬಂದುಹೋಗುವ ‘ದೊಡ್ಡ’ ಭಾಷೆಗಿಂತ ಮೇಲೆಂದು ನಾವು ಭಾವಿಸುತ್ತೇವೆ.

ಕೊನೆಯದಾಗಿ ಒಂದು ಮಾತು. ಮೇಲೆ ಹೇಳಿದ ಹೋಲಿಕೆಗಳೆಲ್ಲ ಕನ್ನಡವನ್ನು ಚೆನ್ನಾಗಿ ಬಲ್ಲ ಮಗುವಿಗೆ ಮಾತ್ರ ಒದಗುವುವು. ‘ಅನ್ನು’ ಎಂಬ ಪ್ರತ್ಯಯವನ್ನು ಗುರುತಿಸಲಾರದ ಬಾಲಕನಿಗೆ ಜಪಾನಿನ ‘ಓ’ ಏನನ್ನು ತಿಳಿಸೀತು? ಕನ್ನಡದಲ್ಲಿ ಒಂದು ಪುಟವನ್ನು ತಡೆಯಿಲ್ಲದೆ ಓದಿ, ಅದರ ಸಾರವನ್ನು ತಪ್ಪಿಲ್ಲದೆ ಬರೆಯಬಲ್ಲ ಮಗುವಿಗೆ ಯಾವ ವಿದೇಶೀ ಭಾಷೆಯನ್ನಾದರೂ ಧೈರ್ಯವಾಗಿ ಕೊಡಬಹುದು. ಅಷ್ಟು ಶಕ್ತಿ ಇನ್ನೂ ಬಾರದಿದ್ದಲ್ಲಿ, ಹೊಸ ಭಾಷೆಯನ್ನು ಒಂದೆರಡು ವರ್ಷ ತಡೆದು ಆರಂಭಿಸುವುದರಿಂದ ನಷ್ಟವೇನೂ ಇಲ್ಲ.