ಪಿಕಪ್‌ ಗಾಡಿಗೆ ಹೆಚ್ಚಿನ ಪಾಟಾ ಬೇಡ



ಬೀಜದ ಕಬ್ಬು, ಗೊಬ್ಬರ ಹೆಚ್ಚು ಹೇರಲೆಂದು ಕೆಲವರು ಪಿಕಪ್‌ ಗಾಡಿಗೆ ಮನೆಯಲ್ಲಿಯೇ ಹೆಚ್ಚಿನ ಸ್ಪ್ರಿಂಗ್‌ ಪಾಟಾ ಕೂಡಿಸುವುದುಂಟು. ಇದರಿಂದ ಗಾಡಿಯ ಹಿಂಭಾಗ ಕುಸಿಯದು, ನಿಜ. ಆದರೆ ಬ್ರೇಕು, ಟೈರು, ಆಕ್ಸಲ್‌ಗಳ ಬಲ ಮೊದಲಿನಷ್ಟೇ. ಒಟ್ಟು ತೂಕ ಇಮ್ಮಡಿಯಾದರೆ, ಅದೇ ವೇಗದಿಂದ ಗಾಡಿ ನಿಲ್ಲಿಸುವಾಗ ಬ್ರೇಕಿಗೆ ಬೀಳುವ ಕೆಲಸವೂ ಇಮ್ಮಡಿ. ವೇಗವೂ ಇಮ್ಮಡಿಯಾದರೆ ಎಂಟು ಪಟ್ಟು. ಅತಿಯಾಗಿ ಕಾದ ಬ್ರೇಕು ಇಳಿಜಾರಿನಲ್ಲಿ ಹಿಡಿಯದು.

ಮುರಿದ ಪಾಟಾ ಬದಲಿಸುವುದಾದರೆ ಅದೇ ಅಳತೆಯದನ್ನು ಹಾಕಿರಿ. ಜ್ಯಾಕ್‌ ಒಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬೇಡಿರಿ. ಗಟ್ಟಿ ಸ್ಟ್ಯಾಂಡ್‌ ಕೊಟ್ಟು, ಗಾಲಿಗಳಿಗೆ ಅಡ್ಡಗಲ್ಲು ಇಡಿರಿ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಹೆಚ್ಚು ಭಾರ ಹೇರಿದ್ದಕ್ಕೆ ದಂಡ 20,000 ರೂಪಾಯಿ. ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಆರ್‌.ಸಿ.ಯಲ್ಲಿ ಬರೆದ ತೂಕ ಮೀರದಿರಲು ವಿನಂತಿ.