ಅವರೆ ಬೇರಿನ ಗಂಟು ಒಳಗೆ ಕೆಂಪೇಕೆ?

ಮಾಗಿ ಬಂತೆಂದರೆ ಬೆಂಗಳೂರಿನ ಜಯನಗರ, ಬನಶಂಕರಿ ಬೀದಿಗಳಲ್ಲಿ ಅವರೆಕಾಯಿಯ ಸೊಗಡು ಹರಡುತ್ತದೆ. ಆ ಕಾಯನ್ನು ಬೆಳೆದು ಕಳುಹಿಸುವ ರೈತರು ಅದರ ಬೇರನ್ನೂ ಒಮ್ಮೆ ನೋಡಬೇಕು.

ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದೆ. ಆದರೆ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಅದನ್ನು ಅಮೋನಿಯವಾಗಿ ಮಾರ್ಪಡಿಸಲು ನೈಟ್ರೋಜಿನೇಸ್ ಎಂಬ ಕಿಣ್ವ ಬೇಕು. ಇದನ್ನು ತಯಾರಿಸುವ ‘ನಿಫ್’ ವಂಶವಾಹಿಗಳು ಕೆಲವು ಬ್ಯಾಕ್ಟೀರಿಯಗಳಲ್ಲಿ ಮತ್ತು ಆರ್ಕಿಯ ಎಂಬ ಇನ್ನೊಂದು ಗುಂಪಿನ ಸೂಕ್ಷ್ಮಜೀವಿಗಳಲ್ಲಿ ಇವೆ. ಕೆಸರಿನಲ್ಲಿ ಮೀಥೇನ್ ಅನಿಲ ಉತ್ಪಾದಿಸುವ ಆರ್ಕಿಯಗಳಲ್ಲೂ ಅವರೆ ಬೇರಿನ ರೈಜೋಬಿಯಂಗಳಲ್ಲೂ ಇರುವ ಈ ವಂಶವಾಹಿಗಳ ಮೂಲ ಒಂದೇ. ಇವು ಒಂದು ಜಾತಿಯ ಸೂಕ್ಷ್ಮಜೀವಿಯಿಂದ ಇನ್ನೊಂದಕ್ಕೆ ದಾಟಿಯೂ ಹರಡಿವೆ.

ಈ ಕಿಣ್ವ ರೂಪುಗೊಂಡದ್ದು ಗಾಳಿಯಲ್ಲಿ ಆಮ್ಲಜನಕ ಸೇರುವುದಕ್ಕೂ ಮೊದಲು, ಅಂದರೆ 240 ಕೋಟಿ ವರ್ಷಗಳಿಗೂ ಹಿಂದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಇಂದಿಗೂ ಆಮ್ಲಜನಕ ತಗುಲಿದರೆ ಅದು ಕೆಡುತ್ತದೆ. ಆದುದರಿಂದಲೇ ಬೇರುಗಂಟಿನಲ್ಲಿ ಲೆಗ್‌ಹೀಮೊಗ್ಲೋಬಿನ್ ಎಂಬ ಕೆಂಪು ವಸ್ತುವಿದ್ದು, ಆಮ್ಲಜನಕವನ್ನು ಹಿಡಿದಿಟ್ಟು ರೈಜೋಬಿಯಂ ಉಸಿರಾಟಕ್ಕೆ ಬೇಕಾದಷ್ಟನ್ನೇ ಒದಗಿಸುತ್ತದೆ.

ಹೂ ಬಿಡುವ ಮುನ್ನ ಒಂದೆರಡು ಗಿಡಗಳನ್ನು ಬೇರು ಹರಿಯದಂತೆ ಅಗೆದು, ಗಂಟು ಸೀಳಿ ನೋಡಿರಿ. ಕೆಂಪಿದ್ದರೆ ಸಾರಜನಕ ಸ್ಥಿರೀಕರಣ ನಡೆದಿದೆ. ಬಿಳಿ ಅಥವಾ ಹಸಿರಿದ್ದರೆ ನಡೆಯುತ್ತಿಲ್ಲ. ಯೂರಿಯ ಹೆಚ್ಚಾದರೆ ಗಂಟು ಕಟ್ಟುವುದೇ ಕುಗ್ಗುತ್ತದೆ. ಪುಕ್ಕಟೆ ಸಿಗುವ ಗೊಬ್ಬರಕ್ಕೆ ಹಣ ತೆತ್ತಂತಾಗುತ್ತದೆ. ಮುಂದಿನ ಬಿತ್ತನೆಗೆ ಅವರೆಗೆ ಹೊಂದುವ ರೈಜೋಬಿಯಂ ಅನ್ನೇ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಿರಿ.