ಬೇಲಿಯ ಉಮ್ಮತ್ತಿ, ಅಪ್ಪನ ಇಂಜೆಕ್ಷನ್

ಕಳೆದ ವರ್ಷ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದ ಮೂರನೇ ದಿನ. ಟೊಮೆಟೊ ಹೊಲಕ್ಕೆ ಔಷಧಿ ಹೊಡೆಯಲು ಹೋಗಿದ್ದ ಅಪ್ಪ ಮಧ್ಯಾಹ್ನಕ್ಕೇ ತಿರುಗಿ ಬಂದು ಜಗಲಿ ಮೇಲೆ ಕುಸಿದರು. ಮೈಯೆಲ್ಲ ಬೆವರು, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು. ಕೈಗೆ ಗವಸಿಲ್ಲದೆ, ಮುಖಕ್ಕೆ ಏನೂ ಇಲ್ಲದೆ, ಎದುರುಗಾಳಿಗೆ ಔಷಧಿ ಹೊಡೆದಿದ್ದರು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಓಡಿದೆವು. ಹೊರಡುವಾಗ ಔಷಧಿಯ ಡಬ್ಬಿಯನ್ನೂ ಎತ್ತಿಕೊಂಡಿದ್ದೇ ಅವತ್ತು ನಾನು ತೋರಿದ ಒಂದೇ ಬುದ್ಧಿವಂತಿಕೆ.

ಲೇಬಲ್ ನೋಡಿದ ಡಾಕ್ಟರ್ ಒಂದರ ಹಿಂದೊಂದು ಇಂಜೆಕ್ಷನ್ ಕೊಟ್ಟರು. ರಾತ್ರಿ ಹೊತ್ತಿಗೆ ಉಸಿರಾಟವೇನೋ ಹದಕ್ಕೆ ಬಂತು. ಆದರೆ ಅಪ್ಪ ವಿಚಿತ್ರವಾಗಿ ಆಡತೊಡಗಿದರು. ಬಾಯಿ ಒಣಗಿತ್ತು, ಕಣ್ಣಿನ ಪಾಪೆ ಅಗಲವಾಗಿತ್ತು. ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾ, ಎಂದೋ ಮಾರಿದ ಎತ್ತುಗಳನ್ನು ಹೆಸರು ಹಿಡಿದು ಕೂಗುತ್ತಿದ್ದರು. ಅಜ್ಜಿ ಬೆಚ್ಚಿಬಿದ್ದಳು. "ಇದೇನ್ ಮಗಾ, ಉಮ್ಮತ್ತಿಕಾಯಿ ತಿಂದೋರಂಗೆ ಆಡ್ತಾನಲ್ಲ!"

ಡಾಕ್ಟರ್ ಅಜ್ಜಿಯ ಕಡೆ ತಿರುಗಿ ನಕ್ಕರು. "ಸರಿಯಾಗೇ ಹೇಳಿದ್ರಿ ಅಜ್ಜಿ. ಇವರಿಗೆ ಕೊಟ್ಟಿದ್ದು ಅಟ್ರೋಪಿನ್. ಉಮ್ಮತ್ತಿಯಲ್ಲೂ ಇರೋದು ಅದೇ. ಸ್ವಲ್ಪ ಜಾಸ್ತಿಯಾಗಿದೆ, ಕಮ್ಮಿ ಮಾಡ್ತೀವಿ."

ಆ ಮಾತು ನನ್ನ ತಲೆಯಲ್ಲೇ ಕೊರೆಯುತ್ತಿತ್ತು. ನಮ್ಮದು ಕಡೂರು ತಾಲ್ಲೂಕಿನ ದೇವನೂರು. ಹಿತ್ತಲ ಬೇಲಿಯಲ್ಲಿ ಉಮ್ಮತ್ತಿ ಗಿಡ ನಾನು ಹುಟ್ಟಿದಾಗಿನಿಂದಲೂ ಇದೆ. ದತ್ತೂರಿ, ಮದಗುಣಕಿ ಎಂದೂ ಕರೆಯುತ್ತಾರೆ. ಸಂಜೆ ಅರಳುವ ತುತ್ತೂರಿಯಂಥ ಬಿಳಿ ಹೂವು, ಮೈತುಂಬ ಮುಳ್ಳಿನ ಕಾಯಿ. ಚಿಕ್ಕವರಿದ್ದಾಗ ಮುಟ್ಟಲು ಹೋದರೆ ಅಜ್ಜಿ ಗದರುತ್ತಿದ್ದಳು. ಶಿವರಾತ್ರಿಗೆ ಮಾತ್ರ ತಾನೇ ಕಿತ್ತು ಶಿವನಿಗೆ ಏರಿಸಿ ಕೈ ತೊಳೆದುಕೊಳ್ಳುತ್ತಿದ್ದಳು. ಹಾಲಾಹಲ ಕುಡಿದವನಿಗೆ ಈ ವಿಷ ಯಾವ ಲೆಕ್ಕ ಎಂಬುದು ಅವಳ ವಾದ!

ಅದೇ ಬೇಲಿಯ ಬುಡದಲ್ಲಿ ಗಣಿಕೆ ಗಿಡವೂ ಇದೆ. ಬಾಯಿಹುಣ್ಣಾದರೆ ಅದರ ಸೊಪ್ಪಿನ ಸಾರೇ ಮದ್ದು. ಚೆನ್ನಾಗಿ ಕಪ್ಪಾದ ಹಣ್ಣನ್ನು ತಿನ್ನಬಹುದು, ಹಸಿರು ಕಾಯಿ ಮಾತ್ರ ವಿಷ. ಹೊಲದ ಬದುವಿನಲ್ಲಿ ಹರಡುವ ನೆಲಗುಳ್ಳದ ಬೇರು ಆಯುರ್ವೇದದ ದಶಮೂಲಗಳಲ್ಲಿ ಒಂದು. ಇವೆಲ್ಲ ಒಂದೇ ಕುಟುಂಬದವು, ಬದನೆಯ ಕುಟುಂಬ. ಸಸ್ಯಶಾಸ್ತ್ರದಲ್ಲಿ ಸೊಲನೇಸಿ. ಆಲೂಗಡ್ಡೆ, ಮೆಣಸಿನಕಾಯಿ, ಹೊಗೆಸೊಪ್ಪು, ಕೊನೆಗೆ ಅಪ್ಪ ಔಷಧಿ ಹೊಡೆಯಲು ಹೋಗಿದ್ದ ಟೊಮೆಟೊ ಕೂಡ ಇದೇ ಮನೆತನದ್ದು. ಆಲೂಗಡ್ಡೆಯ ಸಿಪ್ಪೆ ಹಸಿರಾದರೆ ಅಮ್ಮ ಬಿಸಾಡುವುದೂ ಈ ಮನೆತನದ ವಿಷಕ್ಕೆ ಹೆದರಿಯೇ.

ಅಪ್ಪನಿಗೆ ಆಗಿದ್ದೇನು? ಬಿ.ಇ. ಎಲೆಕ್ಟ್ರಾನಿಕ್ಸ್ ಓದುವ ನನಗೆ ಅರ್ಥವಾದದ್ದು ಹೀಗೆ. ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತವೆ. ಸಂದೇಶ ಮುಟ್ಟಿದ ತಕ್ಷಣ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಸ್ವಿಚ್ ಆನ್ ಆದದ್ದು ಆಫ್ ಆಗುವುದೇ ಇಲ್ಲ. ಬೆವರು, ಜೊಲ್ಲು ಸುರಿಯುತ್ತಲೇ ಇರುತ್ತವೆ, ಶ್ವಾಸಕೋಶದಲ್ಲೂ ನೀರು ತುಂಬುತ್ತದೆ. ಅಟ್ರೋಪಿನ್ ಆ ಸಂದೇಶ ತಲುಪುವ ಬಾಗಿಲನ್ನು ಮುಚ್ಚುತ್ತದೆ. ಒಂದು ವಿಷದ ಲಕ್ಷಣಕ್ಕೆ ಇನ್ನೊಂದು ವಿಷದ ಲಕ್ಷಣ ನೇರ ತದ್ವಿರುದ್ಧ! ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಅಟ್ರೋಪಿನ್ ಇರುವುದು ಸುಮ್ಮನೆ ಅಲ್ಲ.

ಹಾಗಂತ ಉಮ್ಮತ್ತಿ ಸಾಧುವೇನಲ್ಲ. 1676ರಲ್ಲಿ ಅಮೆರಿಕದ ಜೇಮ್ಸ್‌ಟೌನ್‌ಗೆ ದಂಗೆ ಅಡಗಿಸಲು ಬಂದಿದ್ದ ಇಂಗ್ಲಿಷ್ ಸೈನಿಕರು ಇದರ ಎಳೆ ಸೊಪ್ಪನ್ನು ಬೇಯಿಸಿ ತಿಂದರು. 11 ದಿನ ಹುಚ್ಚರಂತೆ ಆಡಿದರು, ಒಬ್ಬನಂತೂ ಗಾಳಿಗೆ ಪುಕ್ಕ ಊದುತ್ತಾ ಕೂತಿದ್ದನಂತೆ. ಅಮಲಿಳಿದ ಮೇಲೆ ಯಾರಿಗೂ ಏನೂ ನೆನಪಿಲ್ಲ. ನಮ್ಮ ದೇಶದಲ್ಲಿ ಥಗ್ಗರು ದಾರಿಹೋಕರ ಊಟದಲ್ಲಿ ಇದರ ಬೀಜ ಬೆರೆಸಿ ದೋಚುತ್ತಿದ್ದರು. ಬೀಜ ನೋಡಲು ಥೇಟ್ ಮೆಣಸಿನಕಾಯಿ ಬೀಜದಂತೆಯೇ. ಎರಡನ್ನೂ ಗುರುತಿಸುವುದು ಹೇಗೆಂದು ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠವಿದೆ.

ಅಪ್ಪ ಮನೆಗೆ ಬಂದ ಮೇಲೆ ನೋಡಲು ಬಂದ ನೆಂಟರೊಬ್ಬರು ಕತೆಯೆಲ್ಲ ಕೇಳಿ, "ಅಷ್ಟೇನಾ? ಉಮ್ಮತ್ತಿ ಎಲೆ ರಸ ಕುಡಿಸಿದ್ರೆ ಆಸ್ಪತ್ರೆ ಖರ್ಚೇ ಉಳೀತಿತ್ತು" ಎಂದರು. ನನಗೆ ಎದೆ ಧಸಕ್ಕೆಂದಿತು. ಒಂದು ಗಿಡದಂತೆ ಇನ್ನೊಂದಿಲ್ಲ, ಎಲೆಯಲ್ಲಿದ್ದಷ್ಟೇ ಬೀಜದಲ್ಲಿರುವುದಿಲ್ಲ. ಆಸ್ಪತ್ರೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ, ನಾಡಿ ನೋಡಿ, ಎದೆಯ ಸದ್ದು ಕೇಳಿ ಕೊಟ್ಟರೂ ಅಪ್ಪ ಆ ರಾತ್ರಿ ಎತ್ತುಗಳನ್ನು ಕರೆದಿದ್ದರು. ಲೋಟದ ಲೆಕ್ಕದಲ್ಲಿ ಕುಡಿಸಿದ್ದರೆ? ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು: "ಸುಮ್ಕಿರಪ್ಪ, ಹಂಗೆ ಕುಡ್ಸಿದ್ರೆ ಖರ್ಚಲ್ಲ, ಆಳೇ ಉಳೀತಿರ್ಲಿಲ್ಲ."

ಓದಿಲ್ಲದ ಅಜ್ಜಿಗೆ ಗೊತ್ತಿದ್ದ ಈ ಎಚ್ಚರ, ವಾಟ್ಸ್‌ಆ್ಯಪ್‌ನಲ್ಲಿ ಮನೆಮದ್ದು ಹಂಚುವ ನಮ್ಮಲ್ಲಿ ಎಷ್ಟು ಜನಕ್ಕಿದೆ?

ನಮ್ಮೂರು ಕವಿ ಲಕ್ಷ್ಮೀಶನ ಊರು. ಅವನ ಜೈಮಿನಿ ಭಾರತದಲ್ಲಿ ಚಂದ್ರಹಾಸನ ಕತೆ ಬರುತ್ತದೆ. ಇವನಿಗೆ ವಿಷ ಕೊಡಿ ಎಂದು ದುಷ್ಟಬುದ್ಧಿ ಬರೆದ ಪತ್ರವನ್ನು ಅವನ ಮಗಳು ವಿಷಯೆ ಓದುತ್ತಾಳೆ. ಅಕ್ಷರ ತಿದ್ದಿ, ವಿಷಯೆಯನ್ನು ಕೊಡಿ ಎಂದು ಮಾಡುತ್ತಾಳೆ. ಸಾಯಬೇಕಾದವನು ಮದುಮಗನಾಗುತ್ತಾನೆ! ಸ್ಕೂಲಿನಲ್ಲಿ ಈ ಕತೆ ಕೇಳಿ ನಕ್ಕಿದ್ದೆ. ಈಗ ಅನ್ನಿಸುತ್ತದೆ, ಅವಳು ಓದಿದ್ದರಿಂದಲೇ ಅವನು ಬದುಕಿದ್ದು.

ಈಗ ನಮ್ಮ ಮನೆಯಲ್ಲಿ ಔಷಧಿ ಡಬ್ಬಿ ತೆರೆಯುವ ಮೊದಲು ಲೇಬಲ್ ಓದುವ ಕೆಲಸ ನನ್ನದು. ಹಾಸ್ಟೆಲ್‌ನಲ್ಲಿದ್ದರೆ ಅಪ್ಪ ಫೋಟೊ ಕಳಿಸುತ್ತಾರೆ, ಫೋನಿನಲ್ಲೇ ಓದಿ ಹೇಳುತ್ತೇನೆ. ಗವಸು, ಮಾಸ್ಕ್ ನಾನೇ ತಂದುಕೊಟ್ಟಿದ್ದೇನೆ. ನೀವೂ ಹೊಲವಿರುವ ಮನೆಯವರಾದರೆ ಇಷ್ಟು ಮಾಡಿ. ಉಮ್ಮತ್ತಿ ಗಿಡ ಕಡಿದುಬಿಡಲೇ ಎಂದು ಅಜ್ಜಿಯನ್ನು ಕೇಳಿದೆ. "ಅದರ ಪಾಡಿಗೆ ಅದಿರ್ಲಿ ಬಿಡು. ಮಕ್ಕಳಿಗೆ ಗುರ್ತು ಹೇಳ್ಕೊಡು ಸಾಕು" ಎಂದಳು.